ಪುಕ್ಕಟೆ ಕಟ್ಟಿಗೆ

ನಮ್ಮ ಖಾನಾಪುರದ ಕಡೆ ಇಟ್ಟಂಗಿಗೆ ಬೆಲೆ ಇದೆ, ಉಸುಕಿಗೆ ಬೆಲೆ ಇದೆ, ಲಾರಿಯ ಒಂದೊಂದು ಖೇಪಿಗೂ ಬೆಲೆ ಇದೆ. ಹೆಂಗಸು ತಲೆಯ ಮೇಲೆ ಹೊತ್ತು ತರುವ ಕಟ್ಟಿಗೆಗೆ ಮಾತ್ರ ‘ಪುಕ್ಕಟೆ’ ಎಂಬ ಹೆಸರು. ಈ ಒಂದು ಶಬ್ದದ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ.

ಆ ಸಿಟ್ಟನ್ನು ಈಗ ಕೆದಕಿದವನು ನನ್ನ ತಂಗಿಯ ಮಗ. ಅವನದೊಂದು ಹಳೆಯ ಲಾರಿ, ಇಟ್ಟಂಗಿ ತುಂಬಿಕೊಂಡು ಬೆಳಗಾವಿಗೆ ಹೋಗಿಬರುತ್ತದೆ. ಹೊರದೇಶದ ಯಾರೋ ಮನೆಯಲ್ಲೇ ಡ್ರಮ್ಮು, ಕೊಳವೆಗಳಿಗೆ ಬೆಸುಗೆ ಹಾಕಿ ಕಟ್ಟಿಗೆಯ ಗ್ಯಾಸಿನಿಂದ ಲಾರಿ ಓಡಿಸುವುದನ್ನು ಮೊಬೈಲಿನಲ್ಲಿ ನೋಡಿ ಇವನಿಗೂ ಹುರುಪು ಬಂದಿದೆ. “ಮಾವಶಿ, ಡೀಜಲ್ ರೊಕ್ಕ ಉಳೀತೈತಿ. ಕಟ್ಟಗಿ ಅಂತೂ ನಮ್ಮ ಕಡೆ ಪುಕ್ಕಟ ಸಿಗತೈತಿ” ಎನ್ನುತ್ತಾನೆ.

ಯಂತ್ರದ ಮಾತು ಸುಳ್ಳಲ್ಲ. ಗಾಳಿ ಸಾಲದಂತೆ ಮುಚ್ಚಿದ ಪಾತ್ರೆಯಲ್ಲಿ ಕಟ್ಟಿಗೆ ಉರಿಸಿದರೆ ಅದು ಪೂರ್ತಿ ಸುಟ್ಟು ಬೂದಿಯಾಗುವ ಬದಲು ಉರಿಯಬಲ್ಲ ಅನಿಲವನ್ನು ಬಿಡುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಇರುತ್ತದೆ. ತಣಿಸಿ, ಸೋಸಿ ಇಂಜಿನ್ನಿಗೆ ಕೊಟ್ಟರೆ ಗಾಡಿ ಓಡುತ್ತದೆ. ಫ್ರಾನ್ಸಿನ ಜಾರ್ಜ್ ಇಂಬರ್ಟ್ ಎಂಬ ಇಂಜಿನಿಯರ್ 1920ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಸ್ವೀಡನ್ನಿನಲ್ಲಿ 70 ಸಾವಿರಕ್ಕೂ ಹೆಚ್ಚು ಗಾಡಿಗಳು ಹೀಗೆ ಓಡಿದವು. ನಮ್ಮಲ್ಲೂ 1942ರಲ್ಲಿ ಬರ್ಮಾ ಕೈತಪ್ಪಿ ಎಣ್ಣೆಯ ಅಭಾವ ಹೆಚ್ಚಿದಾಗ ಇದ್ದಲಿ ಗ್ಯಾಸಿನ ಬಸ್ಸುಗಳು ಬಂದವು. ಬಸ್ಸಿನ ಹಿಂದೆ ಪೀಪಾಯಿಯಂಥ ಒಲೆ, ಹೊರಡುವ ಮೊದಲು ಗರಗರ ತಿರುಗಿಸುವ ಗಾಳಿಪಂಕ, ಏರು ಬಂದರೆ ಇಳಿದು ದೂಡುವ ಪ್ರಯಾಣಿಕರು. ಅಜ್ಜಿಯರಿಂದ ಈ ಕಥೆ ಕೇಳಿದವರು ನಿಮ್ಮಲ್ಲೂ ಇರಬಹುದು.

ಆ ಬಸ್ಸುಗಳಿಗೆ ಎಷ್ಟು ಆರೈಕೆ ಬೇಕಿತ್ತು ಎಂಬುದನ್ನು ಗಮನಿಸಿ. ಹೊಗೆಯಲ್ಲಿರುವ ಡಾಂಬರಿನಂಥ ಅಂಟು ಇಂಜಿನ್ನಿನ ವಾಲ್ವಿಗೆ ಹತ್ತಿಕೊಂಡರೆ ಯಂತ್ರ ಹಾಳು. ಹಾಗಾಗಬಾರದೆಂದು ಇಂಜಿನಿಯರುಗಳು ತಲೆ ಕೆಡಿಸಿಕೊಂಡರು. ನೀರು, ನಾರು, ಬಟ್ಟೆ ಎಂದು ಸೋಸಣಿಕೆಯ ಮೇಲೆ ಸೋಸಣಿಕೆ ಹಾಕಿದರು. ಸರಕಾರಗಳು ಮುಂದೆ ನಿಂತು ಮಾಡಿಸಿದವು. ಇದೆಲ್ಲ ಕೆಲವೇ ವರ್ಷಗಳಲ್ಲಿ ಆಯಿತು. ಅದೇ ಕಟ್ಟಿಗೆ ಅಡಿಗೆಯ ಒಲೆಗೆ ಹೋದಾಗ ಹೊಗೆ ಸೋಸುವ ಜಾಳಿಗೆ ಯಾವುದು? ನಮ್ಮ ಅವ್ವಂದಿರ ಎದೆ. ಅವರ ಕೆಮ್ಮಿಗೆ, ಕೆಂಪು ಕಣ್ಣಿಗೆ ಯಾವ ಯುದ್ಧಕಾಲದ ಅವಸರವೂ ಕಾಣಲಿಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಂಜಿನ್ನು ಕೆಟ್ಟರೆ ಲಾರಿ ನಿಲ್ಲುತ್ತದೆ. ಹೆಂಗಸು ಕೆಮ್ಮುತ್ತಲೇ ರೊಟ್ಟಿ ಬಡಿಯುತ್ತಾಳೆ. ಅವಸರ ಯಾರಿಗೆ?

ಈಗ ಪುಕ್ಕಟೆಯ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು 3 ಕಿಲೋ ಒಣಕಟ್ಟಿಗೆ ಬೇಕು. ಡೀಸೆಲ್ಲಿನದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಡೀಸೆಲ್ ಇಂಜಿನ್ನಾದರೆ ಕಿಡಿ ಹತ್ತಲು ಅಷ್ಟಿಷ್ಟು ಡೀಸೆಲ್ಲೂ ಬೇಕು. ಖಾನಾಪುರದಿಂದ ಬೆಳಗಾವಿ 25 ಕಿಲೋಮೀಟರಿಗಿಂತ ತುಸು ಹೆಚ್ಚು. ತುಂಬಿದ ಲಾರಿ ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೆ ಹೋಗುವುದಕ್ಕೇ 20 ಕಿಲೋದಷ್ಟು ಕಟ್ಟಿಗೆ ಬೇಕಾಯಿತು. ಅದು ಒಬ್ಬ ಹೆಂಗಸಿನ ಒಂದು ತಲೆಹೊರೆ. ಬೆಳಗಿನ ಜಾವ ಎದ್ದು, ಅಡವಿಗೆ ನಡೆದು, ಆರಿಸಿ, ಕಟ್ಟಿ, ಹೊತ್ತು ತಂದ ಹೊರೆ ಒಂದು ತಾಸಿನೊಳಗೆ ಬೂದಿ. ಮರಳಿ ಬರಲು ಇನ್ನೊಬ್ಬಳ ಹೊರೆ ಬೇಕು.

“ಸಾಮಿಲ್ಲಿನ ತುಂಡು ತಗೋತೀನಿ” ಎಂದು ಹುಡುಗ ವಾದಿಸುತ್ತಾನೆ. ಇವತ್ತು ಒಂದು ಲಾರಿಗೆ ತುಂಡು ಸಾಕು. ನಾಳೆ ಹತ್ತು ಲಾರಿಗಳು ಬಂದರೆ ಆ ತುಂಡಿಗೂ ರೇಟು ಏರುತ್ತದೆ, ಆಮೇಲೆ ಕಣ್ಣು ಅಡವಿಯ ಮೇಲೆ ಬೀಳುತ್ತದೆ. ಈ ಅಡವಿ ಸಾಮಾನ್ಯದ್ದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನದು. ಭೀಮಗಡದ ಕಾಡು 2011ರಲ್ಲಿ ವನ್ಯಧಾಮವಾಗಿದೆ. ಒಲೆಗೆಂದು ಒಣಕಡ್ಡಿ ಆರಿಸುವವಳನ್ನು ಗದರಿಸಲು ಮುಂದಾಗುವ ಜನ, ಲಾರಿಗೆ ಕಟ್ಟಿಗೆ ತುಂಬುವವನನ್ನು ‘ಹೊಸ ಶೋಧ’ ಎಂದು ಹೊಗಳಬೇಕೆ?

ಕಟ್ಟಿಗೆ ಗ್ಯಾಸಿನ ಮೇಲೆ ನನಗೆ ಹಗೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅಲ್ಲಿಯವರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಕೂತು, ಕಟ್ಟಿಗೆ ತರಲು ಒಂದು ಮನೆಗೆ ದಿನಕ್ಕೆ ಸುಮಾರು ಎರಡೂವರೆ ಗಂಟೆ ಹೋಗುತ್ತದೆಂದು ಲೆಕ್ಕ ಹಾಕಿದರು. ಪುಕ್ಕಟೆ ಎನ್ನುವುದನ್ನು ಗಂಟೆಯಲ್ಲಿ ಅಳೆದ ಪುಣ್ಯಾತ್ಮರು ಅವರು. ಹೊಗೆಗೊಳವೆ ಇರುವ ‘ಅಸ್ತ್ರ ಒಲೆ’ಯೂ ಅವರದೇ. ಅದೇ ತಾಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆ ಗ್ಯಾಸಿನಿಂದ ವಿದ್ಯುತ್ತು ಮಾಡಿದರು. ಕಟ್ಟಿಗೆಗೆಂದೇ ಗಿಡ ಬೆಳೆಸಿದರು. ಮನೆಗಳಿಗೆ ದೀಪ ಬಂತು, ಕುಡಿಯುವ ನೀರು ಬಂತು, ಮುಂದೆ ಹಿಟ್ಟಿನ ಗಿರಣಿಯೂ ಬಂತು. ಇದಕ್ಕೆ ನಾನು ಕೈಮುಗಿಯುತ್ತೇನೆ. ಕಟ್ಟಿಗೆ ಹೊರುವವಳ ಭಾರ ಇಳಿಸಿದ ಯಂತ್ರಕ್ಕೂ ಅವಳ ಭಾರವನ್ನೇ ತಿನ್ನುವ ಯಂತ್ರಕ್ಕೂ ವ್ಯತ್ಯಾಸವಿಲ್ಲವೇ?

ಪೇಟೆಯ ಗೆಳತಿಯರು, “ನಮ್ಮ ಮನಿಗೆ ಸಿಲಿಂಡರ್ ಬಂದೈತಿ, ನಮಗ್ಯಾಕ ಈ ಚಿಂತಿ?” ಎನ್ನಬಹುದು. ನಿಮ್ಮ ಮನೆಯ ಪಾತ್ರೆ ತಿಕ್ಕುವ ಬಾಯಿಯನ್ನು ಕೇಳಿ ನೋಡಿ. 2016ರ ಉಜ್ವಲಾ ಯೋಜನೆಯಲ್ಲಿ ಅವಳಿಗೂ ಸಿಲಿಂಡರ್ ಬಂದಿರಬಹುದು. ಅದು ಮುಗಿದ ಮೇಲೆ ತುಂಬಿಸಲು ಕೈಯಲ್ಲಿ ಕಾಸಿಲ್ಲದಿದ್ದರೆ ಮತ್ತೆ ಮೂರು ಕಲ್ಲಿನ ಒಲೆಯೇ ಗತಿ. ಅವಳ ಒಲೆಯ ಕಟ್ಟಿಗೆಗೂ ನಮ್ಮ ಲಾರಿ ಕೈಹಾಕುವುದು ಬೇಡ.

ತಂಗಿಯ ಮಗನಿಗೆ ನಾನು ಹೇಳಿದ್ದು ಇಷ್ಟೆ: ಡ್ರಮ್ಮು ಬೆಸೆಯುವ ಮೊದಲು ನಿಮ್ಮ ಅವ್ವನ ಅಡಿಗೆಮನೆಗೆ ಒಂದು ಹೊಗೆಗೊಳವೆ ಕೂಡಿಸು. ಆಮೇಲೂ ಲಾರಿಗೆ ಕಟ್ಟಿಗೆ ಬೇಕೇ ಬೇಕೆಂದರೆ ನೀನೇ ಗಿಡ ಹಚ್ಚಿ ಬೆಳೆಸು, ಇಲ್ಲವೇ ತಕ್ಕಡಿ ತಂದು ಹೊರೆ ತೂಗು, ಹೊತ್ತು ತಂದವಳ ಕೈಗೆ ದಿನಗೂಲಿಯ ರೊಕ್ಕ ಎಣಿಸು. ಅಷ್ಟು ಕೊಟ್ಟ ಮೇಲೂ ಡೀಸೆಲ್ಲಿಗಿಂತ ಅಗ್ಗವಾದರೆ ಧಾರಾಳವಾಗಿ ಓಡಿಸಪ್ಪ, ನಾನು ಬೇಡವೆನ್ನುವುದಿಲ್ಲ.