ಕೀಬೋರ್ಡ್ ಕೊಳ್ಳುವ ಮುನ್ನ ‘ಎಫ್’ ಕೀ ನೋಡಿ

12 ಸಾವಿರ ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡ್ ಒಂದರ ಮೇಲೆ ನನ್ನ ಕಣ್ಣು ಬಿದ್ದಿತ್ತು. ರಂಜಾನ್ ಹಬ್ಬದ ಈದಿ, ರಜೆಯಲ್ಲಿ ಅಬ್ಬಾರ ಅಂಗಡಿಯಲ್ಲಿ ಕೂತು ಟೈಪ್ ಮಾಡಿ ಗಳಿಸಿದ್ದು ಎಲ್ಲ ಸೇರಿ 7 ಸಾವಿರ ಆಗಿತ್ತು. ಉಳಿದದ್ದನ್ನು ಅಬ್ಬಾ ಹಾಕಲಿ ಎಂದು ಕೇಳಿದೆ. “ಅಷ್ಟು ದುಡ್ಡಿಗೆ ಅದು ತಾನೇ ಟೈಪ್ ಮಾಡುತ್ತಾ?” ಎಂದರು. ಅಮ್ಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಣ್ಣದ ದೀಪಕ್ಕೆ ದುಡ್ಡು ಸುರಿಯುವುದು ಇಸ್ರಾಫ್ ಎಂದರು. ನನಗೆ ಸಿಟ್ಟು ಬಂತು. ಎರಡು ತಿಂಗಳ ನಂತರ ಯೋಚಿಸಿದರೆ, ಅವರದೂ ಅರ್ಧ ಸರಿ, ನನ್ನದೂ ಅರ್ಧ ಸರಿ.

ಸಹಕಾರನಗರದಲ್ಲಿ ನಮ್ಮದು ಸಣ್ಣ ಜೆರಾಕ್ಸ್ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್, ಅರ್ಜಿ ಎಲ್ಲವನ್ನೂ ಅಲ್ಲಿ ಟೈಪ್ ಮಾಡಿಕೊಡುತ್ತೇವೆ. ಕನ್ನಡಕ್ಕೆ ಅಬ್ಬಾ ಬಳಸುವುದು ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅದರಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಇಂಗ್ಲಿಷ್ ಕೀಗಳ ಮೇಲೇ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಕೂರಿಸಿರುವುದರಿಂದ ಬೇರೆ ಕೀಬೋರ್ಡ್ ಬೇಕಿಲ್ಲ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಐದೇ ಕೀ ಸಾಕು. ಒತ್ತಕ್ಷರ ಬಂದಾಗಲೆಲ್ಲ ಎಫ್ ಒತ್ತಬೇಕು.

ಹಾಗಾಗಿ ನಮ್ಮ ಅಂಗಡಿಯ ಅಗ್ಗದ ಕೀಬೋರ್ಡುಗಳಲ್ಲಿ ಮೊದಲು ಸಾಯುವುದು ಎಫ್ ಕೀ. ಅದು ಕೈಕೊಟ್ಟರೆ ‘ಪುತ್ರ’ ಹೋಗಿ ‘ಪುತರ’ ಆಗುತ್ತದೆ. ಒಮ್ಮೆ ನಾನು ಅವಸರದಲ್ಲಿ ಟೈಪ್ ಮಾಡಿದ ಕರಾರಿನಲ್ಲಿ ಹಾಗೇ ಆಗಿ, ಸ್ಟಾಂಪ್ ಕಾಗದವೇ ಹಾಳಾಯಿತು. ಗಿರಾಕಿಯ ಮುಂದೆ ಅಬ್ಬಾ ನನ್ನನ್ನು ಬೈಯಲಿಲ್ಲ. ಹೊಸ ಕಾಗದಕ್ಕೆ ತಾವೇ ದುಡ್ಡು ಕೊಟ್ಟರು. ಅವತ್ತು ಇಬ್ಬರೂ ಎಸ್.ಪಿ. ರೋಡಿಗೆ ಹೋದೆವು.

ಅಗ್ಗದ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ. ತಳ ಮುಟ್ಟುವವರೆಗೆ ಒತ್ತಿದರೆ ಮಾತ್ರ ಅಕ್ಷರ ಬೀಳುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ವಿಚ್, ತನ್ನದೇ ಸ್ಪ್ರಿಂಗ್. ಜರ್ಮನಿಯ ಚೆರ್ರಿ ಕಂಪನಿಯ ಸಾಮಾನ್ಯ ಸ್ವಿಚ್ಚುಗಳು ಒಟ್ಟು 4 ಮಿ.ಮೀ. ಇಳಿಯುತ್ತವೆ, ಸುಮಾರು 2 ಮಿ.ಮೀ. ಇಳಿದಾಗಲೇ ಅಕ್ಷರ ಬಿದ್ದಿರುತ್ತದೆ. ದಿನವಿಡೀ ಟೈಪ್ ಮಾಡುವ ಬೆರಳಿಗೆ ಇದು ದೊಡ್ಡ ಉಪಕಾರ. ಕೆಂಪು ಸ್ವಿಚ್ ತಡೆಯಿಲ್ಲದೆ ಇಳಿಯುತ್ತದೆ, ಗೇಮ್ ಆಡುವವರಿಗೆ ಇಷ್ಟ. ನೀಲಿ ‘ಟಕ್’ ಎನ್ನುತ್ತದೆ. ಕಂದು ಸದ್ದು ಮಾಡದೆ ಬೆರಳಿಗೆ ಸಣ್ಣ ತಡೆ ಕೊಡುತ್ತದೆ.

ಇದು ಗೇಮರುಗಳು ಕಂಡುಹಿಡಿದದ್ದೇನೂ ಅಲ್ಲ. ಬಿಲ್ ಕೌಂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಟಕಟಕ ಎನ್ನುತ್ತಿದ್ದ ‘ಟಿವಿಎಸ್ ಗೋಲ್ಡ್’ ಕೂಡ ಮೆಕ್ಯಾನಿಕಲ್ಲೇ. ಅದರ ಮೇಲೆ ಬೆರಳಿಟ್ಟ ಅಬ್ಬಾ, ನಂತರ ಏನೂ ಮಾತಾಡದೆ ಐದು ನಿಮಿಷ ಟೈಪ್ ಮಾಡಿದರು.

ಕೊನೆಗೆ ನನ್ನ 7 ಸಾವಿರದಲ್ಲಿ ಎರಡು ಕೀಬೋರ್ಡ್ ಬಂದವು. ಅಂಗಡಿಗೆ ಸದ್ದಿನದು, ಲೆಕ್ಕ ಹೊಡೆಯಲು ಬಲಗಡೆ ಅಂಕಿಗಳಿರುವುದು. ಮನೆಗೆ ಕಂದು ಸ್ವಿಚ್ಚಿನ ಚಿಕ್ಕದು, ಏಕೆಂದರೆ ತಂಗಿ ಅದೇ ಕೋಣೆಯಲ್ಲಿ ಮಲಗುತ್ತಾಳೆ. ಇದರಲ್ಲಿ ಕೆಟ್ಟ ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬದಲಿಸಬಹುದು. ನಾಲ್ಕೈದು ಕೀ ಒಟ್ಟಿಗೆ ಒತ್ತಿದರೂ ಒಂದೂ ತಪ್ಪುವುದಿಲ್ಲ. ನಿಜ ಹೇಳಬೇಕೆಂದರೆ, ಗೇಮಿನಲ್ಲಿ ನನ್ನ ರ‍್ಯಾಂಕ್ ಇದ್ದಲ್ಲೇ ಇದೆ. ಆದರೆ ಕನ್ನಡ ಟೈಪಿಂಗ್ ವೇಗ ಹೆಚ್ಚಿದೆ.

ಆದ್ದರಿಂದ ಗೆಳೆಯರೇ, ಬಾಕ್ಸಿನ ಮೇಲಿನ ‘ಪ್ರೀಮಿಯಂ’ ಎಂಬ ಪದಕ್ಕೆ ದುಡ್ಡು ಕೊಡಬೇಡಿ. ಸ್ವಿಚ್ಚಿಗೆ ಕೊಡಿ, ರಿಪೇರಿಯಾಗುವ ಗುಣಕ್ಕೆ ಕೊಡಿ. ಅದನ್ನು ಯಾವ ಭಾಷೆಗೆ, ಯಾರ ಪಕ್ಕದಲ್ಲಿ ಕೂತು ಬಳಸುತ್ತೀರಿ ಎಂದು ಮೊದಲು ಕೇಳಿಕೊಳ್ಳಿ. ದೀಪ ನೋಡುವವರಿಗೆ, ಕೀ ಒತ್ತುವವರಿಗೆ.

ಅಧ್ಯಾಪಕರಲ್ಲೂ ಒಂದು ಮನವಿ. ಈ ಪತ್ರಿಕೆಯ ಕನ್ನಡ ಪುಟಗಳನ್ನು ನಾವು ನಾಲ್ಕು ಜನ ನಮ್ಮ ಲ್ಯಾಬಿನಲ್ಲೇ ಟೈಪ್ ಮಾಡುತ್ತೇವೆ. ಮುಂದಿನ ಸಲ ಕೀಬೋರ್ಡ್ ತರಿಸುವಾಗ ಎರಡಾದರೂ ಮೆಕ್ಯಾನಿಕಲ್ ಇರಲಿ. ದುಬಾರಿಯದು ಬೇಡ. ಅಲ್ಲಿಯವರೆಗೆ, ಮೂರನೇ ಸಾಲಿನ ಕಿಟಕಿ ಪಕ್ಕದ ಕಂಪ್ಯೂಟರಿನ ಎಫ್ ಕೀ ಒಮ್ಮೆ ಒತ್ತಿ ನೋಡಿ. ಈ ಲೇಖನದ ಒತ್ತಕ್ಷರಗಳನ್ನು ನಾನು ಮನೆಯಲ್ಲಿ ಹಾಕಿಕೊಂಡು ಬರಬೇಕಾಯಿತು.