ರೌಟರ್ ಬಿಟ್ಟಿನ ಆಯ್ಕೆ ಮತ್ತು ಆರೈಕೆ

ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ನಾರಿಯರು ಸೇರಿ ಆನೆಯಾದ ನವನಾರೀಕುಂಜರವೂ ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಮರದಲ್ಲಿ ಮೂಡಿವೆ. ಅವುಗಳನ್ನು ಕಂಡರಿಸಿದವರಿಗೆ ಉಳಿ, ಕೊಡತಿಗಳೇ ಬಂಡವಾಳ. ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮನೆ ಕಟ್ಟಿಸುವವರ ಜಗಲಿಯಲ್ಲಿ ರೌಟರ್ ಯಂತ್ರದ ಸದ್ದು ಕೇಳುತ್ತದೆ. ಉಳಿಯು ಏಟಿಗೊಮ್ಮೆ ಮುನ್ನಡೆಯುತ್ತದೆ. ರೌಟರಿನ ಬಿಟ್ಟು ನಿಮಿಷಕ್ಕೆ 20,000 ಸುತ್ತುಗಳನ್ನೂ ಮೀರಬಲ್ಲದು. ತಪ್ಪಿನ ಅರಿವಾಗುವ ಮೊದಲೇ ಬೆರಳು ಹೋದೀತು.

ಬಿಟ್ಟನ್ನು ಮರ ನೋಡಿ ಆರಿಸಬೇಕು. ಸಾಗುವಾನಿಯಲ್ಲಿ ಮರಳಿನ ಅಂಶವಾದ ಸಿಲಿಕವಿರುವುದರಿಂದ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ; ಅದಕ್ಕೂ ಪ್ಲೈವುಡ್ಡಿಗೂ ಕಾರ್ಬೈಡ್ ಅಲಗೇ ಲೇಸು. ಬಿಟ್ಟಿನ ದಂಡವು ಅದನ್ನು ಕಚ್ಚಿ ಹಿಡಿಯುವ ಕಾಲೆಟ್ಟಿಗೆ ಸರಿಹೊಂದಬೇಕು. ಕಾಲಂಗುಲವೆಂದರೆ 6.35 ಮಿ.ಮೀ.; ಅಂಥ ಕಾಲೆಟ್ಟಿನಲ್ಲಿ 6 ಮಿ.ಮೀ. ದಂಡವನ್ನು ಬಿಗಿಯುವುದು ಅಪಾಯಕ್ಕೆ ಆಹ್ವಾನ. ದಂಡವನ್ನು ತಳ ಮುಟ್ಟುವಂತೆ ಇಳಿಸಿ, 2-3 ಮಿ.ಮೀ. ಮೇಲೆಳೆದು ಬಿಗಿಯಬೇಕು.

ಬಿಟ್ಟು ಅಗಲವಾದಷ್ಟೂ ವೇಗ ತಗ್ಗಬೇಕು. ನಿಮಿಷಕ್ಕೆ 24,000 ಸುತ್ತು ತಿರುಗುವ 12 ಮಿ.ಮೀ. ಬಿಟ್ಟಿನ ಅಂಚಿನ ವೇಗ ಗಂಟೆಗೆ ಸುಮಾರು 54 ಕಿಲೋಮೀಟರು, 50 ಮಿ.ಮೀ. ಬಿಟ್ಟಿಗಾದರೆ ಸುಮಾರು 226! ಅಷ್ಟು ದೊಡ್ಡದನ್ನು 12,000 ಸುತ್ತಿನ ಆಸುಪಾಸಿಗೆ ಇಳಿಸಿ, ತಯಾರಕರು ನಮೂದಿಸಿದ ಮಿತಿಯನ್ನು ಪಾಲಿಸಬೇಕು. ಆಳವಾದ ಗಾಡಿಯನ್ನು ಒಂದೇ ಬಾರಿಗೆ ತೆಗೆಯದೆ, ಸುಮಾರು 3 ಮಿ.ಮೀ.ನಂತೆ ಹಲವು ಸಲ ಕೊರೆಯಬೇಕು.

ಹಲಗೆಯನ್ನು ಭದ್ರವಾಗಿ ಬಿಗಿದು, ತನ್ನೆದುರಿನ ಹೊರ ಅಂಚಿನಲ್ಲಿ ಯಂತ್ರವನ್ನು ಎಡದಿಂದ ಬಲಕ್ಕೆ ನಡೆಸಬೇಕು. ವಿರುದ್ಧ ದಿಕ್ಕಿನಲ್ಲಿ ಅದು ಕೈಮೀರಿ ಓಡೀತು. ಕನ್ನಡಕವೂ ಮೂಗಿಗೆ ಮುಸುಕೂ ಇರಲಿ: ಗಟ್ಟಿಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆ. ಮಕ್ಕಳು ದೂರವಿರಲಿ. ಮಳೆಗಾಲದಲ್ಲಿ ವಿದ್ಯುತ್ತು ಹೋದೊಡನೆ ಗುಂಡಿಯನ್ನು ಆರಿಸಿ, ಪ್ಲಗ್ಗನ್ನೂ ಕಿತ್ತಿಡಬೇಕು. ಇಲ್ಲವಾದರೆ ವಿದ್ಯುತ್ತು ಮರಳಿದಾಗ ಯಂತ್ರ ತಾನಾಗಿ ತಿರುಗಬಹುದು. ಬಿಟ್ಟು ಬದಲಿಸುವಾಗಲೂ ಇದೇ ನಿಯಮ.

ಕೆಲಸ ಮುಗಿದ ಮೇಲೆ ಹಲಸಿನ ಅಂಟನ್ನು ಬಿಟ್ಟಿನಲ್ಲೇ ಒಣಗಲು ಬಿಡಬಾರದು. ಅಂಟು ಕಚ್ಚಿದ ಅಲಗು ಕಾದು ಮರವನ್ನು ಕರಿಯಾಗಿಸುತ್ತದೆ. ಬೇರಿಂಗನ್ನು ಕಳಚಿ, ಬಿಟ್ಟನ್ನು ಸಾಬೂನು ನೀರಿನಲ್ಲಿ ನೆನೆಸಿ, ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ ಒರಸಬೇಕು. ಅಲಗು ತುಸು ಮಂಕಾದರೆ ಅದರ ಚಪ್ಪಟೆ ಮುಖವನ್ನಷ್ಟೇ ವಜ್ರದ ಸಾಣೆಯ ಮೇಲೆ, ಎರಡು ಕಡೆಗೂ ಸಮನಾಗಿ ಮಸೆಯಬೇಕು. ಕರಾವಳಿಯ ತೇವಕ್ಕೆ ತುಕ್ಕು ಹಿಡಿಯದಂತೆ ಎಣ್ಣೆಯ ಲೇಪವಿರಲಿ. ಕಾರ್ಬೈಡ್ ಗಟ್ಟಿಯಾದರೂ ಪೆಡಸು. ಒಂದಕ್ಕೊಂದು ತಾಗದಂತೆ ಕುಳಿ ತೋಡಿದ ಹಲಗೆಯಲ್ಲಿ ನಿಲ್ಲಿಸಿಡಬೇಕು.

ಬಿರುಕು ಬಿಟ್ಟ ಅಲಗನ್ನು ಮಾತ್ರ ಮರುಮಾತಿಲ್ಲದೆ ಎಸೆಯುವುದೇ ಉಚಿತ. ಬಿಟ್ಟನ್ನು ಮತ್ತೆ ಕೊಳ್ಳಬಹುದು, ಬೆರಳನ್ನು ಕೊಳ್ಳಲಾಗದು.