ಹಳೆಯ ಗಣಕಯಂತ್ರವೂ ಹೊಸ ತಂತ್ರಾಂಶವೂ

ಭದ್ರಾ ನಾಲೆಯ ನೀರುಣ್ಣುವ ಕತ್ತಲಗೆರೆಯಂತಹ ಊರಿನ ವಿದ್ಯಾರ್ಥಿಯೊಬ್ಬನಿಗೆ, ಅಣ್ಣನೋ ಸೋದರಮಾವನೋ ಬಳಸಿ ಬಿಟ್ಟ ಗಣಕಯಂತ್ರವೊಂದು ದೊರೆಯಿತೆಂದು ಭಾವಿಸೋಣ. 2016ರಲ್ಲಿ ಕೊಂಡದ್ದು. ಕೀಲಿಮಣೆಯ ಮೇಲೆ ಒಂದೆರಡು ಅಕ್ಷರಗಳು ಅಳಿಸಿಹೋಗಿವೆ. ಉಳಿದಂತೆ ಯಂತ್ರ ಸುಸ್ಥಿತಿಯಲ್ಲಿದೆ. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2021ರಲ್ಲಿ ಹೊರಬಂದ ವಿಂಡೋಸ್ 11ನ್ನು ಹಾಕಿಕೊಳ್ಳೋಣವೆಂದರೆ, ಟಿಪಿಎಂ 2.0 ಎಂಬ ರಕ್ಷಣಾ ಸಾಧನವೂ, ಬಹುಮಟ್ಟಿಗೆ 2017ರಿಂದ ಈಚಿನ ಪ್ರೊಸೆಸರೂ ಇರಬೇಕೆಂಬ ನಿಬಂಧನೆ ಅಡ್ಡಬರುತ್ತದೆ. ಕೆಡದ ಯಂತ್ರವನ್ನು ಹೀಗೆ ಮೂಲೆಗೊತ್ತುವುದು ನ್ಯಾಯವೇ?

ತಂತ್ರಾಂಶ ರಚಿಸುವವರ ಕಷ್ಟವನ್ನು ಮೊದಲು ನೋಡಬೇಕು. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಬರೆಯತೊಡಗಿದುದು ಇಂಟೆಲ್ 386 ಪ್ರೊಸೆಸರಿನ ಮೇಲೆ. ಆದರೂ 2012ರ ಡಿಸೆಂಬರಿನಲ್ಲಿ ಲಿನಕ್ಸ್ ಆ ಪ್ರೊಸೆಸರನ್ನೇ ಕೈಬಿಟ್ಟಿತು. ಸ್ಮೃತಿಯಲ್ಲಿರುವ ಒಂದು ಸಂಖ್ಯೆಯನ್ನು ಹೋಲಿಸಿ ನೋಡಿ, ಸರಿಹೊಂದಿದರೆ ಮಾತ್ರ ಬದಲಿಸುವ ಕೆಲಸವನ್ನು ಒಂದೇ ಆದೇಶದಲ್ಲಿ ಮುಗಿಸುವ ಶಕ್ತಿ 486ಕ್ಕೆ ಬಂದಿತು, 386ಕ್ಕೆ ಇರಲಿಲ್ಲ. ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವಾಗ ಒಂದು ಬರೆದುದನ್ನು ಇನ್ನೊಂದು ಕೆಡಿಸದಿರಲು ಈ ಆದೇಶ ಬಹಳ ಉಪಯುಕ್ತ. 386ಕ್ಕಾಗಿಯೇ ಬೇರೆ ದಾರಿಗಳನ್ನು ಉಳಿಸಿಕೊಂಡು ಬರುವುದು ಎಲ್ಲರಿಗೂ ಹೊರೆಯಾಗಿದ್ದಿತು. 1985ರ ಪ್ರೊಸೆಸರಿಗೆ 27 ವರ್ಷಗಳ ಬಳಿಕ ವಿದಾಯ ಹೇಳಿದ್ದರಲ್ಲಿ ನನಗೆ ತಪ್ಪು ಕಾಣದು.

ಹೊಸತನ್ನೆಲ್ಲ ವಿರೋಧಿಸುವುದು ನಮಗೂ ಹಿತವಲ್ಲ. ಒತ್ತಕ್ಷರಗಳನ್ನು ಯೂನಿಕೋಡಿನಲ್ಲಿ ಸರಿಯಾಗಿ ಜೋಡಿಸಿ ತೋರಿಸುವ ಸೌಲಭ್ಯ ವಿಂಡೋಸಿಗೆ ಬಂದುದು 2001ರ ಎಕ್ಸ್‌ಪಿಯೊಡನೆ. ಹಿಂದಿನ ವ್ಯವಸ್ಥೆಗೇ ಅಂಟಿಕೊಂಡಿದ್ದರೆ, ಒಂದು ಅಕ್ಷರಶೈಲಿಯಲ್ಲಿ ಬರೆದ ಕನ್ನಡವು ಇನ್ನೊಂದರಲ್ಲಿ ಕಲಸುಮೇಲೋಗರವಾಗಿ ಕಾಣುವ ಸಂಕಟವನ್ನು ಇಂದಿಗೂ ಅನುಭವಿಸುತ್ತಿದ್ದೆವು. (ಕೆಲವರು ಈಗಲೂ ಅನುಭವಿಸುತ್ತಿದ್ದಾರೆ, ಆ ಮಾತು ಬೇರೆ.)

ಆದರೆ 2016ರ ಯಂತ್ರದ ಸಂಗತಿ 386ರಂತಹುದಲ್ಲ. ಇಂದಿನ ಲಿನಕ್ಸ್ ಅದರ ಮೇಲೆ ಸಲೀಸಾಗಿ ನಡೆಯುತ್ತದೆ. ಇಂತಹ ಹಲವು ಯಂತ್ರಗಳಲ್ಲಿ ಟಿಪಿಎಂ ಕೂಡ ಉಂಟು. ಪ್ರೊಸೆಸರಿನ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಗೂಢಲಿಪಿಯ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ಈ ಸಾಧನದ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭದ್ರತೆಯ ಹೆಸರಿನಲ್ಲಿ ಹೊಸದನ್ನು ನಿರಾಕರಿಸಿ, ಹಳೆಯದರ ಲೋಪಗಳನ್ನು ತಿದ್ದುವುದನ್ನೂ ನಿಲ್ಲಿಸಿದರೆ ಆ ಯಂತ್ರವು ಮೊದಲಿಗಿಂತ ಅಭದ್ರವಾಗುತ್ತದೆಯಲ್ಲವೆ? ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ತಿದ್ದುಪಡಿಗಳನ್ನು ಕೊಡುವ ಏರ್ಪಾಡನ್ನು ಸಂಸ್ಥೆ ಮಾಡಿತು. ಅದು ಸಾಲದು. ಹೊಸ ಸೌಕರ್ಯಗಳನ್ನು ಕೊಡದಿರಲಿ. ಯಂತ್ರಕ್ಕೆ ಶಕ್ತಿಯಿರುವ ತನಕ ಭದ್ರತೆಯ ತಿದ್ದುಪಡಿಗಳನ್ನು ಬೆಲೆಯಿಲ್ಲದೆ ಕೊಡುವುದು ಮಾರಿದವರ ಹೊಣೆ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾದು ಕುಳಿತಿರಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ವಿಂಡೋಸಿಗೆಂದೇ ಬರೆದ ಕೆಲವು ತಂತ್ರಾಂಶಗಳು ಅಲ್ಲಿ ನಡೆಯವು, ಕೆಲವು ಮುದ್ರಕಗಳೂ ಹಟಮಾಡುತ್ತವೆ. ಆದರೆ 8 ಜಿಬಿಯ ಪೆನ್ ಡ್ರೈವೊಂದಿದ್ದರೆ, ಯಂತ್ರದಲ್ಲಿರುವುದೇನನ್ನೂ ಅಳಿಸದೆ, ಲಿನಕ್ಸನ್ನು ಒಂದು ಸಂಜೆ ನಡೆಸಿ ನೋಡಬಹುದು.